ಎರಡು ಸಲ ತಟ್ಟಿದರೆ

ಸಂಜೆ ಐದರ ನಂತರದ ಅರ್ಧ ಗಂಟೆಯಲ್ಲಿ, ಯಾವ ನಿಮಿಷವೆಂದು ಹೇಳಲಾಗದು, ತನ್ನ ಕೂಗು ಟಿವಿಯಿಂದ ಈ ಕೋಣೆಗೆ ಬರಲಿದೆ ಎಂಬುದು ಅವಳಿಗೆ ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಗೊತ್ತಿತ್ತು. ಗೊತ್ತಿದ್ದೂ ದೊಡ್ಡಮ್ಮನ ಉಗುರು ಕತ್ತರಿಸುತ್ತ ಕೂತಿದ್ದಳು. ಬಲಗೈಯದು ಬೇಗ ಮುಗಿದಿತ್ತು. ಅದು ನಾಲ್ಕು ತಿಂಗಳಿಂದ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಹೊದಿಕೆಯ ಮೇಲೆ ಬಿದ್ದುಕೊಂಡಿರುವ ಕೈ, ಹೇಗೆ ಹಿಡಿದರೆ ಹಾಗೆ. ಎಡಗೈ ಹಾಗಲ್ಲ. ಅದಕ್ಕೆ ಜೀವವಿತ್ತು, ಸಿಟ್ಟಿತ್ತು. ಬಾಯಿಂದ ಹೋದ ಮಾತೆಲ್ಲ ಇಳಿದುಬಂದು ಆ ಐದು ಬೆರಳುಗಳಲ್ಲಿ ಸೇರಿಕೊಂಡಿದೆಯೇನೋ ಎನ್ನುವಷ್ಟು ಚಡಪಡಿಕೆಯಿತ್ತು. ಒಂದೊಂದಾಗಿ ಬೆರಳು ಹಿಡಿದು ಕತ್ತರಿಸಿದಳು. ನಡುಬೆರಳಿನ ಗೆಣ್ಣನ್ನು ಮಾತ್ರ ನೋಡಲಿಲ್ಲ. ಗೋಡೆ ತಟ್ಟುತ್ತಿದ್ದುದು ಆ ಗೆಣ್ಣೇ.

ದೊಡ್ಡಮ್ಮ ಅವಳಿಗೆ ದೊಡ್ಡಮ್ಮನಲ್ಲ. ಈ ಕಟ್ಟಡದಲ್ಲಿ ಯಾರಿಗೂ ಅಲ್ಲ. ಎಂದೋ ಶಾಲೆಯೊಂದರಲ್ಲಿ ಅಡುಗೆ ಮಾಡಿಕೊಂಡಿದ್ದು, ಹಿಂದು ಮುಂದು ಯಾರೂ ಇಲ್ಲದೆ ಮೊದಲ ಮಹಡಿಯ ಈ ಒಂದು ಕೋಣೆಗೆ ಬಂದು ನೆಲೆಸಿದ ಹೆಂಗಸು. ಬಂದ ವಾರದೊಳಗೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಒಂದೊಂದು ಹೆಸರಿಟ್ಟು, ಒಂದೊಂದು ಬೈಗುಳ ಹಂಚಿ, ಕೊನೆಗೆ ಎಲ್ಲರ ಬಟ್ಟಲಲ್ಲೂ ಒಂದೊಂದು ಸೌಟು ಬಡಿಸಿ ದೊಡ್ಡಮ್ಮನಾಗಿಬಿಟ್ಟವಳು. ಮೂರನೆಯ ಮಹಡಿಯವನು ಲಿಫ್ಟ್ ರಿಪೇರಿಯವನು, ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಅವನು ಲಿಫ್ಟಣ್ಣನಾದ. ಕೆಳಗಿನ ಅಂಗಡಿಯ ದರ್ಜಿ ಮಾತ್ರ ಅವಳನ್ನು ಅಕ್ಕ ಎನ್ನುತ್ತಿದ್ದ. ವಯಸ್ಸಿನಲ್ಲಿ ಎರಡು ವರ್ಷಕ್ಕೆ ಚಿಕ್ಕವನು, ಆ ಎರಡು ವರ್ಷವನ್ನು ಬಿಟ್ಟುಕೊಡುತ್ತಿರಲಿಲ್ಲ. ಪಕ್ಕದ ಕೋಣೆಯ ಇವಳು, ಟಿವಿಗೂ ಸಿನಿಮಾಕ್ಕೂ ದನಿ ಕೊಟ್ಟು ಬದುಕುವವಳು, ಗಿಣಿಯಾದಳು. "ಏ ಗಿಣಿ, ಇವತ್ತು ಯಾರ ಬಾಯಲ್ಲಿ ಮಾತಾಡಿ ಬಂದೆ?" ಎಂದು ದೊಡ್ಡಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು. ಒಂದು ದಿನ ಅಳುವ ಮಗು, ಒಂದು ದಿನ ಜಗಳದ ಗುಂಪಿನಲ್ಲಿ ಏಳನೆಯ ಹೆಂಗಸು, ಒಂದು ದಿನ ಮೇಕೆ. "ಮೇಕೆಗೂ ಸಂಬಳ ಕೊಡ್ತಾರಾ? ಹಾಗಾದ್ರೆ ನಮ್ ದರ್ಜೀನೂ ಕರ್ಕೊಂಡು ಹೋಗು, ಅವನು ಹುಟ್ಟಾ ಮೇಕೆ."

ಆಮೇಲೆ ಆ ಮಾಲಿಕೆ ಬಂತು. ಹೊರದೇಶದವರು ಬರೆದ ಕಾರ್ಟೂನು ಚಿತ್ರಗಳು, ಕನ್ನಡದ ದನಿ ಮಾತ್ರ ಇಲ್ಲಿಯದು, ದೊಡ್ಡ ಕಣ್ಣಿನ ಮಂದಿ. ಅದರಲ್ಲಿ ಯುದ್ಧವಿಲ್ಲ, ಮಾಯೆಯಿಲ್ಲ. ಒಂದೇ ಮೆಟ್ಟಿಲ ಸುತ್ತ ಬದುಕುವ, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲದ ನೆರೆಮನೆಯವರು ನಿಧಾನವಾಗಿ ಒಂದು ಕುಟುಂಬವಾಗುತ್ತಾರೆ, ಅಷ್ಟೆ. ಒಂದು ಕಂತಿನಲ್ಲಿ ಛತ್ರಿ ಕಳೆಯುತ್ತದೆ, ಇನ್ನೊಂದರಲ್ಲಿ ಸಿಗುತ್ತದೆ. ಅದರ ಮುದುಕಿಯ ಪಾತ್ರ ಗಿಣಿಗೆ ಸಿಕ್ಕಿತು. ಮೊದಲ ದಿನ ಮೈಕಿನ ಮುಂದೆ ನಿಂತು ಬಾಯಿ ತೆರೆದಾಗ ಬಂದದ್ದು ದೊಡ್ಡಮ್ಮನ ದನಿ. ಮಾತಿನ ತುದಿಯಲ್ಲಿ ಒಡೆಯುವ ಆ ಗಂಟಲು, ಬೈಗುಳಕ್ಕೆ ಮುನ್ನ ಎಳೆದುಕೊಳ್ಳುವ ಆ ಉಸಿರು. ಗಾಜಿನಾಚೆ ಕೂತಿದ್ದ ಮೇಲ್ವಿಚಾರಕ, "ಎಲ್ಲಿಂದ ತಂದ್ರಿ ಇದನ್ನ?" ಎಂದು ಕೇಳಿದ. "ನಮ್ಮನೆಯದು," ಎಂದಳು. ಸುಳ್ಳಲ್ಲ, ನಿಜವೂ ಅಲ್ಲ. ಹೇಳಿದ ಮೇಲೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಗಂಟಲು ಮುಟ್ಟಿಕೊಂಡಿದ್ದಳು.

ಗೋಡೆ ತೆಳುವಾಗಿತ್ತು. ಅವಳ ಅಭ್ಯಾಸ ಆಚೆ ಕೇಳಿಸದೆ ಇರುತ್ತದೆಯೆ? ಎರಡನೆಯ ವಾರ ಒಂದು ಸಾಲನ್ನು ಹೇಳಿ ಮುಗಿಸಿದಾಗ ಆಚೆಯಿಂದ ಟಕ್ ಟಕ್ ಎಂದು ಎರಡು ಸಲ ತಟ್ಟಿದ ಸದ್ದು ಬಂದಿತ್ತು. ಸಿಕ್ಕಿಬಿದ್ದವಳಂತೆ ತಣ್ಣಗಾಗಿ ಕೂತಳು. ಗೋಡೆಯ ಆಚೆಯಿಂದ, "ಅಯ್ಯೋ ದಡ್ಡಿ, ನಾನು ಹಾಗೆ ಬೈಯಲ್ಲ, ಮತ್ತೆ ಹೇಳು," ಎಂದು ಅದೇ ದನಿ. ಮತ್ತೆ ಹೇಳಿದಳು. ಟಕ್, ಒಂದೇ ಸಲ. ಅಲ್ಲಿಂದ ಅದೇ ಅವರಿಬ್ಬರ ವ್ಯಾಕರಣವಾಯಿತು: ಒಂದು ತಟ್ಟಿದರೆ ಸರಿ, ಎರಡು ತಟ್ಟಿದರೆ ಮತ್ತೆ. ಕೆಳಗೆ ದರ್ಜಿಯ ಕತ್ತರಿಸುವ ಮೇಜು ಸರಿಯಾಗಿ ಈ ಎರಡು ಕೋಣೆಗಳ ಅಡಿಯಲ್ಲಿತ್ತು. ಅವನಿಗೆ ಎಲ್ಲ ಕೇಳುತ್ತಿತ್ತು. ಗಿಣಿ ಒಂದು ಸಾಲನ್ನು ಎಷ್ಟು ಸಲ ಹೇಳಿದಳೆಂದು ಮೇಜಿನಂಚಿನ ಮರದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿಟ್ಟು, ಸಂಜೆ ದೊಡ್ಡಮ್ಮನ ಮನೆಯ ಚಹಾದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದ. "ಇವತ್ತು ಛತ್ರಿ ಹತ್ತೊಂಬತ್ತು ಸಲ ಕಳೀತು ಅಕ್ಕ. ಇಪ್ಪತ್ತನೇ ಸಲಕ್ಕೆ ನಾನೇ ಹೋಗಿ ಒಂದು ಛತ್ರಿ ಕೊಟ್ಟು ಬರೋಣ ಅಂತಿದ್ದೆ." ಅವನೂ ಗೆಣ್ಣು ಮಡಚಿ ಮೇಜು ತಟ್ಟುತ್ತಿದ್ದ, ನಗುತ್ತಿದ್ದ.

ಉಗುರು ಮುಗಿಯುವ ಹೊತ್ತಿಗೆ ಬಾಗಿಲು ಸದ್ದಾಯಿತು. ದರ್ಜಿ. ಕೈಯಲ್ಲಿ ಒಂದು ಪುಟ್ಟ ದಿಂಬು, ಹಳೆಯ ಕೋಟಿನ ಒಳಬಟ್ಟೆಯಿಂದ ಹೊಲಿದದ್ದು.

"ಅಕ್ಕನ ಬಲಗೈ ಕೆಳಗೆ ಇಡೋಕೆ," ಎಂದ. "ಹೊಲಿಗೆ ನೋಡಬೇಡ. ಕೈ ನಿಲ್ತಿಲ್ಲ ಈಚೆಗೆ."

ನೋಡಬಾರದೆಂದರೂ ಅವಳ ಕಣ್ಣು ಹೋಯಿತು. ಒಂದು ಬದಿಯ ಹೊಲಿಗೆ ಕುಡಿದವನ ನಡಿಗೆಯಂತಿತ್ತು. ಹೋದ ತಿಂಗಳು ಅವನು ಒಬ್ಬರ ಕೋಟಿಗೆ ಎರಡೂ ಎಡತೋಳು ಹಾಕಿ ಕಳಿಸಿದ್ದ; ಊರೆಲ್ಲ ನಕ್ಕಿತ್ತು. ಮೂವತ್ತೆಂಟು ವರ್ಷ ಹೊಲಿದ ಕೈ. ನಗು ಮುಗಿದ ಮೇಲೆ ಗಿರಾಕಿಗಳೂ ಮುಗಿದರು. ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ. ಯಾವುದೋ ಊರಿನ ತಮ್ಮನ ಮನೆ, ಹಿತ್ತಿಲ ಕೋಣೆ. ಮೇಜು ಬಾಗಿಲಲ್ಲಿ ಹಿಡಿಯದೆಂದು ಅದೊಂದನ್ನು ಇಲ್ಲಿಯೇ ಬಿಟ್ಟು ಹೋಗುತ್ತಾನಂತೆ.

"ಹೋಗಲೇಬೇಕಾ ಮಾವ?"

ದರ್ಜಿ ದಿಂಬನ್ನು ದೊಡ್ಡಮ್ಮನ ಬಲಗೈಯಡಿ ತುಂಬ ಮೆತ್ತಗೆ ತೂರಿಸಿದ. ಅವಳ ಮುಖ ಮಾತ್ರ ನೋಡಲಿಲ್ಲ. ನಾಲ್ಕು ತಿಂಗಳಿಂದ ಅವನು ಆ ಮುಖವನ್ನು ನೋಡಿಲ್ಲ. "ಆ ಮೇಜಿನ ಮುಂದೆ ನಿಂತ್ರೆ ಮೇಲಿಂದ ಕೇಳುತ್ತೆ ಗಿಣಿ," ಎಂದ. "ಈಗಲೂ ಕೇಳುತ್ತೆ. ಸಂಜೆ ಬರ್ತೀನಿ, ಕೊನೇ ಕಂತು. ಅದೊಂದು ಅಕ್ಕನ ಜೊತೆ ನೋಡ್ಬಿಟ್ಟು ಹೋಗ್ತೀನಿ."

ಅವನು ಇಳಿದುಹೋದ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಒಂದೊಂದು ಹೆಜ್ಜೆಗೂ ಅನುಮಾನಿಸುತ್ತಿದ್ದುದು ಕೇಳಿಸಿತು. ಈಗ ಕರೆಯಬಹುದು, ಎಂದುಕೊಂಡಳು. ಮಾವ, ಒಂದು ನಿಮಿಷ. ಬರೀ ಎರಡು ಮಾತು. ಉಗುರಿನ ಚೂರುಗಳನ್ನು ಕಾಗದಕ್ಕೆ ತುಂಬಿಕೊಂಡು ಕಿಟಕಿಯ ಬಳಿ ನಿಂತಳು, ಚಪ್ಪಲಿಯ ಸದ್ದು ಮುಗಿಯುವವರೆಗೂ. ಯಾರಾದರೂ ನೋಡಿದ್ದರೆ ಪಾಪ, ಗಿಣಿಗೆ ದುಃಖ ಎನ್ನುತ್ತಿದ್ದರು. ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಸ್ವಂತ ಮಗಳಾಗಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ಲಿಫ್ಟಣ್ಣ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಇನ್ನೊಂದು ಪಾತ್ರೆ ಹೆಚ್ಚು ಉಜ್ಜುತ್ತಿದ್ದಳು.

ನಾಲ್ಕು ತಿಂಗಳ ಹಿಂದಿನ ಆ ದಿನ ಅಭ್ಯಾಸ ಮಾಡಬೇಕಾಗಿದ್ದುದು ಒಂದೇ ಸಾಲು. ಕೊನೆಯ ಕಂತಿನಲ್ಲಿ ಮುದುಕಿ ಮನೆಯೊಳಗೆ ಬಿದ್ದು ಕೂಗುತ್ತಾಳೆ, "ಯಾರಾದ್ರೂ ಬನ್ನಿ." ಒಂದೇ ಕೂಗಿಗೆ ಮೆಟ್ಟಿಲ ಸುತ್ತಲಿನ ನಾಲ್ಕೂ ಬಾಗಿಲು ತೆರೆದುಕೊಂಡು ಎಲ್ಲರೂ ಓಡಿಬರುತ್ತಾರೆ, ಕಥೆ ಮುಗಿಯುತ್ತದೆ. ಮಧ್ಯಾಹ್ನ ಎರಡು ಗಂಟೆ. ಅವಳು ತನ್ನ ಕೋಣೆಯಲ್ಲಿ ನೆಲದ ಮೇಲೆ, ಬೆನ್ನನ್ನು ಆ ಗೋಡೆಗೆ ಕೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲದ ಕೂಗನ್ನು ಕೇಳುತ್ತ, ಕೇಳಿ ನಿಲ್ಲಿಸಿ ತಾನು ಕೂಗುತ್ತ ಕೂತಿದ್ದಳು. ಸಲಕ್ಕೊಂದು ಚುಕ್ಕೆಯನ್ನು ಹಾಳೆಯ ಅಂಚಿಗೆ ಇಡುವುದು ಅವಳ ರೂಢಿ. ಮೂರನೆಯ ಚುಕ್ಕೆಯ ಹೊತ್ತಿಗೆ ಬೆನ್ನುಹುರಿಗೆ ತಾಗಿತು: ಟಕ್ ಟಕ್. ಕೇಳಿಸಿದ್ದಲ್ಲ, ಮೂಳೆಗೆ ತಾಗಿದ್ದು. ಸರಿಯಿಲ್ಲ, ಮತ್ತೆ. ಅವಳು ಮತ್ತೆ ಕೂಗಿದಳು. ಟಕ್ ಟಕ್. ಇವತ್ತು ಮುದುಕಿಗೆ ಏನು ಹಟ, ಎಂದುಕೊಂಡು ನಕ್ಕಳು. ನಕ್ಕದ್ದು ಇವತ್ತಿಗೂ ನೆನಪಿದೆ, ಹಲ್ಲಿಗೆ ಗಾಳಿ ತಾಗಿದ್ದು ಕೂಡ. ಇನ್ನೂ ದೀನವಾಗಿ ಕೂಗಿದಳು, ಇನ್ನೂ ಒಡೆದ ಗಂಟಲಲ್ಲಿ. ಟಕ್ ಟಕ್. ಗೋಡೆಯ ಈಚೆ ಒಬ್ಬಳು ಯಾರಾದ್ರೂ ಬನ್ನಿ ಎಂದು ಕೂಗುತ್ತಿದ್ದಳು, ಆಚೆ ಒಬ್ಬಳು ಬಿದ್ದಿದ್ದಳು, ಬಿದ್ದವಳ ದನಿಯನ್ನು ಕೂಗುವವಳು ಎತ್ತಿಕೊಂಡು ಬಂದುಬಿಟ್ಟಿದ್ದಳು. ಹನ್ನೊಂದನೆಯ ಚುಕ್ಕೆಯ ನಂತರ ತಟ್ಟುವುದು ನಿಂತಿತು. ಒಂದು ತಟ್ಟು ಬರಲಿಲ್ಲ, ಎರಡೂ ಬರಲಿಲ್ಲ. ಬೇಸತ್ತು ಮಲಗಿರಬೇಕು ಎಂದುಕೊಂಡು ಅವಳು ಹಾಳೆ ಮಡಚಿ, ಹಿಂದಿನ ಓಣಿಯ ಬಾಗಿಲಿನಿಂದ ಸ್ಟುಡಿಯೋಗೆ ಹೋದಳು. ಅಲ್ಲಿ ಒಂದೇ ಸಲಕ್ಕೆ ಸರಿಹೋಯಿತು. ಗಾಜಿನಾಚೆ ಮೂವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಗಾಜಿನಿಂದಾಗಿ ಸದ್ದು ಬರಲಿಲ್ಲ.

ಐದು ಗಂಟೆಗೆ ದರ್ಜಿ ರವಿಕೆಯ ಅಳತೆಗೆಂದು ಮೇಲೆ ಹತ್ತಿ ಬಾಗಿಲು ತಳ್ಳಿದ್ದ. ಇವಳು ಬರುವಷ್ಟರಲ್ಲಿ ಬಾಗಿಲ ಮುಂದೆ ಜನ, ಗೋಡೆಯ ಬುಡದಲ್ಲಿ ಒಂದು ಬೋರಲಾದ ಚಪ್ಪಲಿ. ಆಸ್ಪತ್ರೆಯಿಂದ ಬಂದ ಲಿಫ್ಟಣ್ಣ ಏದುಸಿರು ಬಿಡುತ್ತ, "ಲಕ್ವ ಅಂತೆ. ಒಂದೆರಡು ಗಂಟೆ ಮುಂಚೆ ತಂದಿದ್ರೆ ಮಾತು ಉಳೀತಿತ್ತಂತೆ," ಎಂದ, ಆಮೇಲೆ ಅವಳತ್ತ ತಿರುಗಿ, "ನೀನೆಲ್ಲಿದ್ದೆ ತಾಯಿ?" ಎಂದು ಕೇಳಿದ. "ಸ್ಟುಡಿಯೋದಲ್ಲಿ," ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಸುಳ್ಳಾಗುತ್ತಿರಲಿಲ್ಲ. ಒಂದು ಉಸಿರಿನ ನಂತರ, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದಳು. "ಬೆಳಿಗ್ಗೆಯಿಂದ."

ಆ ಒಂದು ಮಾತು ಕಟ್ಟಡದ ಮೆಟ್ಟಿಲಿಳಿದು ಕೆಳಗಿನ ಅಂಗಡಿಗೆ ಹೋಗಿ ದರ್ಜಿಯ ಎದೆಯ ಮೇಲೆ ಕೂತಿತು. ಅದು ಅವಳಿಗೆ ತಿಳಿದದ್ದು ಎರಡು ತಿಂಗಳ ನಂತರ. ನೀರಿನ ಬಿಂದಿಗೆ ಇಳಿಸಿ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಿದ್ದ ಅವನು ಗೋಡೆಗೆ ಹೇಳುವಂತೆ ಹೇಳಿದ್ದ, "ಆವತ್ತು ಅಕ್ಕ ಕೂಗಿದ್ರು ಗಿಣಿ. ನನಗೆ ಕೇಳಿಸ್ತು. ನೀನು ಮನೇಲಿದೀಯ, ಪಾಠ ಹೇಳ್ಕೋತಿದೀಯ ಅಂದ್ಕೊಂಡೆ. ಒಂದೊಂದು ಕೂಗಿಗೂ ಒಂದೊಂದು ಗೆರೆ ಎಳೆದು ನಗ್ತಾ ಕೂತಿದ್ದೆ. ಯಾರಿಗೂ ಹೇಳಬೇಡ." ಹೇಳಬೇಡ ಎಂದು ಅವನು ಬೇಡಿಕೊಂಡಿದ್ದ, ಅವಳನ್ನು! ಅವಳು ಅವನ ಭುಜ ಮುಟ್ಟಿ, "ಬಿಡಿ ಮಾವ, ಯಾರಿಗೆ ಗೊತ್ತಾಗುತ್ತೆ," ಎಂದಿದ್ದಳು. ಸಮಾಧಾನದ ದನಿ ಚೆನ್ನಾಗಿ ಬಂದಿತ್ತು. ಅದು ಯಾವ ಪಾತ್ರದಿಂದ ತಂದದ್ದೆಂದು ಮೆಟ್ಟಿಲು ಹತ್ತುವಾಗ ಹೊಳೆದಿತ್ತು.

ಈ ಸಂಜೆ ಐದಕ್ಕೆ ಐದು ನಿಮಿಷವಿರುವಾಗ ಲಿಫ್ಟಣ್ಣ ತನ್ನ ಕುರ್ಚಿ ತಾನೇ ಹೊತ್ತುಕೊಂಡು ಬಂದ. "ದೊಡ್ಡಮ್ಮ, ಇವತ್ತು ನಿಮ್ ಗಿಣಿ ಬೀಳ್ತಾಳಂತೆ. ಪೇಪರಲ್ಲಿ ಬಂದಿದೆ, ಕರ್ಚೀಫು ಇಟ್ಕೊಳ್ಳಿ ಅಂತ." ದೊಡ್ಡಮ್ಮನ ಬಾಯಿಯ ಎಡತುದಿ ಸ್ವಲ್ಪ ಏರಿತು, ನಗುವಿನಲ್ಲಿ ಅರ್ಧ. ದರ್ಜಿ ಬಂದು ಬಾಗಿಲ ಬಳಿಯ ಡಬ್ಬದ ಮೇಲೆ ಕೂತ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ, ಹೊರಡುವವನ ಹಾಗೆ.

ಮಾಲಿಕೆ ಶುರುವಾಯಿತು. ಗಿಣಿ ಮಂಚದ ತಲೆಯ ಕಡೆ ಗೋಡೆಗೊರಗಿ ನಿಂತಳು. ಪರದೆಯ ಮೇಲೆ ಮುದುಕಿ ಗಿಡಕ್ಕೆ ನೀರು ಹಾಕಿದಳು, ಎದುರುಮನೆಯವನನ್ನು ಬೈದಳು. ಲಿಫ್ಟಣ್ಣ ತೊಡೆ ತಟ್ಟಿ ನಕ್ಕ. ಸತ್ತುಹೋದ ದನಿಯೊಂದು ಜೀವಂತವಾಗಿ ಕೋಣೆ ತುಂಬ ಓಡಾಡುತ್ತಿತ್ತು, ಅದರ ಒಡತಿ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಹಾಳಾದ್ದು ಕರೆಂಟಾದರೂ ಹೋಗಬಾರದೆ, ಎಂದು ಗಿಣಿ ಬೇಡಿಕೊಂಡಳು. ಹೋಗಲಿಲ್ಲ. ಮುದುಕಿ ಮೇಲಿನ ಡಬ್ಬಕ್ಕೆ ಕೈ ಚಾಚಿದಳು. ಸ್ಟೂಲು ವಾಲಿತು.

"ಯಾರಾದ್ರೂ ಬನ್ನಿ!"

ದರ್ಜಿಯ ಬೆನ್ನು ನೆಟ್ಟಗಾಯಿತು. ಕೇಳಿಸಿಕೊಂಡದ್ದನ್ನು ಅವನು ನಿಧಾನವಾಗಿ, ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವವನಂತೆ, ಒಳಗೇ ಉಜ್ಜಿ ನೋಡುತ್ತಿದ್ದುದು ಕಾಣಿಸುತ್ತಿತ್ತು. ಆವತ್ತಿನ ಅದೇ ಎಳೆತ. ಅದೇ ಒಡಕು. ಪರದೆಯಲ್ಲಿ ನಾಲ್ಕು ಬಾಗಿಲು ತೆರೆದವು, ಹೆಜ್ಜೆಗಳು ಓಡಿದವು, ಸಂಗೀತ ಎದ್ದಿತು. ಅವನು ಗಿಣಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ಆರೋಪವಿರಲಿಲ್ಲ, ಲೆಕ್ಕ ತಪ್ಪಿದವನ ಗೊಂದಲವಿತ್ತು. ಹಾಗೇ ಬಿಟ್ಟರೆ ಅವನು ಅದನ್ನೂ ತನ್ನ ತಲೆಯ ದೋಷವೆಂದೇ ತಿಳಿದು ನಾಳೆ ಗಾಡಿ ಹತ್ತುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಬಿಟ್ಟರೆ ಸಾಕು. ಸುಮ್ಮನಿದ್ದರೆ ಸಾಕು.

ಟಕ್ ಟಕ್.

ದೊಡ್ಡಮ್ಮನ ಎಡಗೈ ಗೋಡೆಯ ಮೇಲಿತ್ತು. ಗಿಣಿಯ ಬೆನ್ನಿಗೆ ಅದು ತಾಗಿತು, ಅದೇ ಮೂಳೆಗೆ.

"ನೋಡ್ದ್ಯಾ, ಟಿವೀಲಿ ಬಂದ್ಮೇಲೂ ದೊಡ್ಡಮ್ಮಂಗೆ ಒಪ್ಪಿಗೆ ಇಲ್ಲ," ಎಂದು ಲಿಫ್ಟಣ್ಣ ನಕ್ಕ. "ಮತ್ತೆ ಹೇಳ್ಬೇಕಂತೆ ಗಿಣಿ!"

ದೊಡ್ಡಮ್ಮ ಟಿವಿ ನೋಡುತ್ತಿರಲಿಲ್ಲ. ಗಿಣಿಯನ್ನು ನೋಡುತ್ತಿದ್ದಳು.

"ನಾನು ಮನೇಲೇ ಇದ್ದೆ," ಎಂದಳು ಗಿಣಿ. ಬಂದ ದನಿ ಅವಳಿಗೇ ಗುರುತು ಹತ್ತಲಿಲ್ಲ. ತೆಳ್ಳಗೆ, ಯಾರದೂ ಅಲ್ಲದ್ದು, ಎಷ್ಟೋ ವರ್ಷ ಬಳಸದೆ ಇಟ್ಟ ಪಾತ್ರೆಯಂಥದ್ದು. "ಮಾವ, ಆವತ್ತು ಎರಡು ಗಂಟೆಗೆ ನಾನು ಮನೇಲೇ ಇದ್ದೆ. ಕೂಗ್ತಿದ್ದವಳು ನಾನು. ದೊಡ್ಡಮ್ಮ ಗೋಡೆ ತಟ್ಟಿದ್ರು. ಸರಿ ಬಂದಿಲ್ಲ, ಮತ್ತೆ ಹೇಳು ಅಂತಿದಾರೆ ಅಂದ್ಕೊಂಡೆ. ಅವರು ತಟ್ಟಿದಷ್ಟೂ ನಾನು ಕೂಗಿದೆ."

ಲಿಫ್ಟಣ್ಣನ ನಗು ಮುಖದ ಮೇಲೆಯೇ ಉಳಿದು ಹಳಸಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದ ಆರನೆಯ ಮಹಡಿಯಲ್ಲಿ ಯಾರೋ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. "ಹಾ, ಕೂಗ್ತಾ ಇರ್ಲಿ, ಬಂದೆ, ಹತ್ತು ನಿಮಿಷ," ಎನ್ನುತ್ತ ಅವನು ಕುರ್ಚಿಯನ್ನು ಮರೆತು, ಯಾರ ಮುಖವನ್ನೂ ನೋಡದೆ ಹೊರಟ. ದರ್ಜಿ ಎದ್ದ. ಬೈಯುತ್ತಾನೆ ಎಂದುಕೊಂಡಳು; ಬೈದಿದ್ದರೆ ಚೆನ್ನಾಗಿತ್ತು. ಅವನು ಮಂಚದ ಬಳಿ ಹೋಗಿ, ನಾಲ್ಕು ತಿಂಗಳಲ್ಲಿ ಮೊದಲ ಸಲ, ದೊಡ್ಡಮ್ಮನ ಮುಖವನ್ನು ನೋಡಿದ. ಆಮೇಲೆ ಮೆಟ್ಟಿಲಿಳಿದ.

ಅವಳೂ ಹಿಂದೆಯೇ ಇಳಿದಳು. ಅಂಗಡಿ ಖಾಲಿಯಾಗಿತ್ತು, ಯಂತ್ರವನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದ, ಗೋಡೆಯ ಮೇಲೆ ಕನ್ನಡಿಯಿದ್ದ ಜಾಗ ಬೆಳ್ಳಗಿತ್ತು. ಉಳಿದದ್ದು ಮೇಜೊಂದೇ. ಅದರಂಚಿಗೆ ಇಳಿಬಿಟ್ಟಿದ್ದ ಬಟ್ಟೆಯನ್ನು ಅವನು ಎತ್ತಿದ. ಮರದ ಮೇಲೆ ಬಿಳಿಯ ಗೆರೆಗಳು.

"ಎಷ್ಟು ಸಲ ಕೂಗಿದೆ?"

"ಹನ್ನೊಂದು," ಎಂದಳು. "ಚುಕ್ಕೆ ಇಟ್ಟಿದೀನಿ. ಹಾಳೆ ಇನ್ನೂ ಇದೆ."

ಅವನು ಬೆರಳಿಟ್ಟು ಎಣಿಸಿದ. ಎಣಿಸುವ ಅಗತ್ಯವಿರಲಿಲ್ಲವೆಂದು ಆ ಬೆರಳಿನ ಸಲೀಸಿನಿಂದಲೇ ತಿಳಿಯುತ್ತಿತ್ತು. "ಹನ್ನೆರಡಿದೆ."

ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಗೆರೆಗಳೆಲ್ಲ ಒಂದೇ ಅಳತೆ, ದರ್ಜಿಯ ಕೈಯವು, ಹೆಬ್ಬೆರಳಿನುದ್ದ. ಎಂಟನೆಯದು ಹಾಗಿರಲಿಲ್ಲ. ಅದು ಉಳಿದವುಗಳಿಗಿಂತ ಎರಡರಷ್ಟು ಉದ್ದವಿತ್ತು.

"ಇದ್ಯಾಕೆ ಮಾವ ಹೀಗೆ?"

"ಆ ಸಲ ಮಾತಿರಲಿಲ್ಲ. ಬರೀ ದನಿ. ಯಾರಾದ್ರೂ ಅಂತಾನೂ ಇಲ್ಲ, ಬನ್ನಿ ಅಂತಾನೂ ಇಲ್ಲ. ಹುಡುಗಿ ಮಾತು ಬಿಟ್ಟು ಬರೀ ಗಂಟಲಲ್ಲಿ ಕೂಗಿದ್ಲು, ಎಂಥಾ ಕೆಲಸ ಮಾಡಿದ್ಲು ಅಂತ ಇಲ್ಲಿ ಒಬ್ನೇ ನಿಂತ್ಕೊಂಡು ಭೇಷ್ ಅಂದೆ." ಅವನು ಗೆರೆಯ ತುದಿಯನ್ನು ಮುಟ್ಟಲು ಹೋಗಿ ಕೈ ಹಿಂತೆಗೆದ. "ಎಲ್ಲಾದಕ್ಕಿಂತ ಚೆನ್ನಾಗಿತ್ತು ಅಂತ ಸ್ವಲ್ಪ ಉದ್ದ ಎಳೆದೆ."

ಎಂಟನೆಯದು. ಹಾಗಾದರೆ ಅದರ ನಂತರವೂ ತಾನು ನಾಲ್ಕು ಸಲ ಕೂಗಿದ್ದೇನೆ. ಕಿವಿಯಲ್ಲಿ ಇನ್ನೊಂದು ದೇಶದ ಮುದುಕಿಯ ಕೂಗನ್ನು ತುಂಬಿಕೊಂಡು ಕೂತಿದ್ದಾಗ, ಒಂದು ಗೇಣು ಆಚೆ, ಮಾತು ಕಳೆದುಕೊಳ್ಳುತ್ತಿದ್ದವಳು ಒಂದೇ ಒಂದು ಸಲ ಕೂಗಿದ್ದಾಳೆ. ಅದನ್ನು ಕೇಳಿದವನು ಮೆಚ್ಚಿದ್ದಾನೆ.

ದರ್ಜಿ ಒದ್ದೆ ಬಟ್ಟೆ ತಂದು ಅವಳ ಕೈಗಿತ್ತ. "ನಿನ್ನವು ನೀನು ಒರೆಸು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಅವಳು ಒಂದೊಂದಾಗಿ ಒರೆಸಿದಳು. ನಾಲ್ಕು ತಿಂಗಳ ಸುಣ್ಣ ಮರದ ಎಳೆಗೆ ಇಳಿದಿತ್ತು, ಉಜ್ಜಬೇಕಾಯಿತು. ಹನ್ನೊಂದು ಮುಗಿದ ಮೇಲೆ ಒದ್ದೆ ಮರದ ನಡುವೆ ಆ ಒಂದು ಗೆರೆ ಮೊದಲಿಗಿಂತ ಬೆಳ್ಳಗೆ ಕಂಡಿತು.

"ಅದು ನಂದು," ಎಂದ ದರ್ಜಿ. "ಅದಿರ್ಲಿ. ಗಾಡಿ ಬೆಳಿಗ್ಗೆ ಏಳಕ್ಕೆ."

ಹೋಗಬೇಡಿ ಎನ್ನಲು ಅವಳಲ್ಲಿ ದನಿಯಿರಲಿಲ್ಲ. ಎಷ್ಟೋ ದನಿಗಳಿದ್ದವು, ಈ ಮಾತಿಗೆ ಹೊಂದುವಂಥದು ಒಂದೂ ಇರಲಿಲ್ಲ. ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಆಗ ಮೇಲಿನಿಂದ ಕೇಳಿಸಿತು.

ಟಕ್ ಟಕ್.

ನೀರು ಬೇಕಿತ್ತೋ, ದಿಂಬು ಜಾರಿತ್ತೋ, ಟಿವಿ ಆರಿಸಬೇಕಿತ್ತೋ. ಏನೂ ಬೇಡದೆಯೂ ಇರಬಹುದು. ದರ್ಜಿಯ ಕೈ ರೂಢಿಯಿಂದ ಕಿಸೆಯ ಸೀಮೆಸುಣ್ಣದ ಕಡೆ ಹೋಗಿ, ಅರ್ಧದಲ್ಲಿ ನಿಂತಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಬಟ್ಟೆ ನೆಲಕ್ಕೆ ಬಿತ್ತು. ಮೆಟ್ಟಿಲು ಇಬ್ಬರಿಗೆ ಸಾಲದಷ್ಟು ಕಿರಿದು. ಎಡವುತ್ತ, ಒಬ್ಬರ ಭುಜಕ್ಕೊಬ್ಬರು ತಾಗುತ್ತ, ನಾಲ್ಕು ತಿಂಗಳು ತಡವಾಗಿ ಅವರು ಓಡಿ ಹತ್ತಿದರು.